ಹಾರಿಲ್ಲವೆಂದು ಮಾವ ಹೇಳಿದ ವಿಮಾನ

ಮೊನ್ನೆ ಮೊಮ್ಮಗಳು ಪಕ್ಕದಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಮುಚ್ಚಳ ಹಾಕು ಎಂದು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು... ಕಳಿತ ಬಾಳೆಹಣ್ಣಿಗೆ ಸ್ಪಿರಿಟ್ ಸುರಿದಂಥ ಆ ವಾಸನೆಯಲ್ಲಿ ನಾನು ಒಂದಿಡೀ ಬೇಸಿಗೆ ಕಳೆದಿದ್ದೆ. ಸಿರುಗುಪ್ಪದಲ್ಲಿ, ನನ್ನ ಸೋದರಮಾವನ ವರ್ಕ್‌ಶಾಪಿನಲ್ಲಿ, ವಿಮಾನದ ರೆಕ್ಕೆಗೆ ಬಟ್ಟೆ ಹೊಲಿಯುತ್ತ.

ಎಪ್ಪತ್ತರ ದಶಕದ ಕೊನೆಯ ಮಾತು. ಮಾವ ವಾಯುಸೇನೆಯಲ್ಲಿ ಇಂಜಿನ್ ವಿಭಾಗದಲ್ಲಿದ್ದವನು. ಮೇಲಧಿಕಾರಿಯ ಜೊತೆ ಜಗಳಾಡಿಕೊಂಡು ಊರಿಗೆ ಬಂದ. ಮದುವೆಯಾಗಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಉಳಿದು, ಪಂಪ್‌ಸೆಟ್ಟು, ಅಕ್ಕಿ ಗಿರಣಿಯ ಇಂಜಿನ್ನು ರಿಪೇರಿ ಮಾಡುವ ಅಂಗಡಿ ಇಟ್ಟ. ಒಳ್ಳೆಯವನು ಅಂತ ಬರೆಯಲಾರೆ. ಬಾಯಿ ಜೋರು, ಜಂಬ ಅದಕ್ಕಿಂತ ಜೋರು. ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡೇ ಗ್ರೀಸಿನ ಕೆಲಸಕ್ಕೆ ಇಳಿಯುತ್ತಿದ್ದ. ಸಿರುಗುಪ್ಪದಲ್ಲಿ ತನಗಿಂತ ತಿಳಿದವನಿಲ್ಲ ಎಂದು ಅವನೇ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಬಳ್ಳಾರಿಯ ಗಣಿ ಸಾಹುಕಾರನೊಬ್ಬ ಜಪಾನಿನ ಕಾರು ತರಿಸಿಕೊಂಡಿದ್ದ. ಅದಕ್ಕೆ ಹಿಂದಿನಿಂದ ಅದಿರಿನ ಲಾರಿ ಗುದ್ದಿ ಹಿಂಭಾಗ ಅಪ್ಪಚ್ಚಿಯಾಯಿತು. ಮುಂದಿನ ಇಂಜಿನ್ನಿಗೆ ಗೀರೂ ಬಿದ್ದಿರಲಿಲ್ಲ. ಆದರೆ ಅಂಥದ್ದನ್ನು ಬಳ್ಳಾರಿಯ ಯಾವ ಮೆಕ್ಯಾನಿಕ್ಕೂ ನೋಡಿರಲಿಲ್ಲ. ಇದೆಲ್ಲ ಗುಜರಿ, ಬೇಕಾದರೆ ಒಯ್ಯಿ ಅಂದ ಸಾಹುಕಾರ. ಮಾವ ಗಾಡಿ ಕಟ್ಟಿಸಿಕೊಂಡು ಇಂಜಿನ್ನನ್ನು ತಂದ. ಬಿಚ್ಚಿದರೆ ಒಳಗೆ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಒಂದು ಲೋಹದ ಬಿಲ್ಲೆ, ಗೂಡಿನೊಳಗೆ ಗಿರಗಿರ ಸುತ್ತುವಂಥದ್ದು. ನನಗೆ ತಿಳಿಯಲೆಂದು ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ಬ್ಯಾರೆ ಇಂಜಿನ್ನು ಒನಕಿ ಇದ್ದಂಗ, ಮ್ಯಾಲ ಕೆಳಗ ಕುಟ್ಟತೈತಿ. ಇದು ಬೀಸೋ ಕಲ್ಲು ನೋಡವಾ. ಸುಮ್ನ ತಿರಗತೈತಿ. ತೂಕಾನೂ ಇಲ್ಲ, ನಡುಕಾನೂ ಇಲ್ಲ. ಇದು ಕಾರಿಗೆ ಅಲ್ಲ, ಮ್ಯಾಲ ಹೋಗಾಕ ಹುಟ್ಟಿದ್ದು.”

ಆವತ್ತಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ತೇಗದ ಪಟ್ಟಿಗಳಿಂದ ರೆಕ್ಕೆಯ ಎಲುಬು ಮಾಡಿದ. ನನ್ನ ಹೊಲಿಗೆ ಮಷೀನು ಅಂಗಡಿಗೆ ಬಂತು. ದಪ್ಪ ನೂಲಿನ ಬಟ್ಟೆಯನ್ನು ನಾನು ಹೊಲಿದು ಎಲುಬಿಗೆ ತೊಡಿಸಿದರೆ, ಅವನು ಅದರ ಮೇಲೆ ಆ ವಾಸನೆಯ ವಾರ್ನಿಶು ಬಳಿಯುತ್ತಿದ್ದ. ಒಣಗಿದರೆ ಬಟ್ಟೆ ಹಲಗೆ ವಾದ್ಯದ ಚರ್ಮದಂತೆ ಬಿಗಿದು, ಬೆರಳಿಂದ ಬಡಿದರೆ ಢಣ್ ಅನ್ನುತ್ತಿತ್ತು. ಹೊಲಿಗೆ ಸೊಟ್ಟಗಾದರೆ ಬೈದು ಬಿಚ್ಚಿಸುತ್ತಿದ್ದ. ನಾನೂ ತಿರುಗಿ ಬೈಯುತ್ತಿದ್ದೆ. ಕೂಲಿ ಬೇಡ, ಮೊದಲ ಸಲ ನನ್ನನ್ನು ಕೂರಿಸಿಕೊಂಡು ಹೋಗಬೇಕು ಎಂದಿದ್ದೆ. ಒಪ್ಪಿದ್ದ.

ತೊಂದರೆ ಕೊಟ್ಟಿದ್ದು ಇಂಜಿನ್ನೇ. ಅದರ ಓಟ ಬಹಳ; ಆ ವೇಗಕ್ಕೆ ವಿಮಾನದ ಮುಂದಿನ ಫ್ಯಾನು ಸುತ್ತಿದರೆ ಗಾಳಿ ಹಿಡಿಯುವುದಿಲ್ಲ, ಮುರಿದೇ ಹೋಗುತ್ತದೆ. ವೇಗ ಅರ್ಧಕ್ಕಿಂತ ಕೆಳಗಿಳಿಸಲು ಬಳ್ಳಾರಿಯ ಲೇತಿನಲ್ಲಿ ಹಲ್ಲಿನ ಚಕ್ರ ಮಾಡಿಸಿದ. ಹಲ್ಲು ಉದುರಿದವು. ಕೊನೆಗೆ ಅಕ್ಕಿ ಗಿರಣಿಯ ಬೆಲ್ಟುಗಳನ್ನು ಒಂದು ಸಣ್ಣ ರಾಟೆಯಿಂದ ದೊಡ್ಡ ರಾಟೆಗೆ ಸಾಲಾಗಿ ಹಾಕಿದ. ಅದು ನಿಂತಿತು. ಆಮೇಲೆ ಬಿಸಿ. ಬೀಸೋ ಕಲ್ಲಿನಂಥ ಆ ಇಂಜಿನ್ನು ಸಿಕ್ಕಾಪಟ್ಟೆ ಬಿಸಿಯಾಗುತ್ತಿತ್ತು. ಹಳೆ ಲಾರಿಯ ರೇಡಿಯೇಟರ್ ಕತ್ತರಿಸಿ ವಿಮಾನದ ಮೂಗಿಗೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಸಾಕಾಗುತ್ತಿತ್ತು, ಬಹಳ ಹೊತ್ತಿಗೆ ಸಾಲುತ್ತಿರಲಿಲ್ಲ. ಈ ಮಾತು ನೆನಪಿರಲಿ.

ಕುರುಗೋಡಿನ ಆಚೆ ಮಾವನ ಗೆಳೆಯನೊಬ್ಬನ ಮಸಾರಿ ಹೊಲವಿತ್ತು. ಕೆಂಪು ನೆಲ, ಗಟ್ಟಿ, ಸಮತಟ್ಟು. ಇಬ್ಬರೂ ಸೇರಿ ಕಲ್ಲು ಆರಿಸಿ ರೋಲರ್ ಎಳೆಸಿದ್ದರು. ಮುಂದಿನ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ರೆಕ್ಕೆ ಬಿಚ್ಚಿ ಟ್ರಾಕ್ಟರಿನಲ್ಲಿ ಹೇರಿಕೊಂಡು ಹೋದೆವು. ಮೊದಲು ಮಾವ ಒಬ್ಬನೇ ಏರಿ, ಒಂದು ಸುತ್ತು ಹಾಕಿ ಇಳಿದ. ಇಳಿದವನು ಮಾತಾಡಲಿಲ್ಲ. ಅವನು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಮಾಡಿ ನನ್ನನ್ನು ಕರೆದ.

ಸೆರಗು ಸೊಂಟಕ್ಕೆ ಬಿಗಿದು ಮುಂದಿನ ಸೀಟಿನಲ್ಲಿ ಕೂತೆ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡುತ್ತಿರುವುದು ನನ್ನ ಕೆಲಸ. ಕೆಂಪಿನ ಹತ್ತಿರ ಬಂದರೆ ಕೂಗಬೇಕು. ನೆಲ ದಡದಡ ಅಂತು, ಅಂತು... ಮತ್ತೆ ಅನ್ನಲಿಲ್ಲ. ಕುರುಗೋಡಿನ ಬಂಡೆಗುಡ್ಡ ಪಕ್ಕಕ್ಕೆ ಸರಿಯಿತು. ಕಾಲುವೆ ಬಿಸಿಲಿಗೆ ಹೊಳೆಯುತ್ತ ನೆಟ್ಟಗೆ ಬಿದ್ದಿತ್ತು. ಕುರಿ ಹಿಂಡು ಚೆಲ್ಲಿದ ಅವಲಕ್ಕಿಯಂತೆ ಕಂಡಿತು. ನಾನು ಹೊಲಿದ ಬಟ್ಟೆ ನನ್ನ ಎರಡೂ ಕಡೆ ಗಾಳಿ ಹಿಡಿದಿತ್ತು, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಮುಳ್ಳು ಏರಿತು, ಕೂಗಿದೆ, ಮಾವ ಇಳಿಸಿದ. ಅಷ್ಟೇ. ನನ್ನ ಬದುಕಿನಲ್ಲಿ ನಾನು ನೆಲ ಬಿಟ್ಟಿದ್ದು ಅಷ್ಟೇ.

ಸುದ್ದಿ ಬಳ್ಳಾರಿಗೆ ಮುಟ್ಟಿತು. ಸಾಹುಕಾರ ಜೀಪಿನಲ್ಲಿ ಬಂದ. ಬೆಂಗಳೂರಿನಿಂದ ದೊಡ್ಡವರೊಬ್ಬರು ಬರುತ್ತಾರೆ, ತನ್ನ ಮಗ ವಿಮಾನದಲ್ಲಿ ಕೂತು ಬಳ್ಳಾರಿಯ ಸಭೆಯ ಮೇಲೆ ಹೂ ಸುರಿಯಬೇಕು ಅಂದ. ಮಾವ ಆಗುವುದಿಲ್ಲವೆಂದ. ಇಂಜಿನ್ನು ಬೇಗ ಬಿಸಿಯೇರುತ್ತದೆ, ಊರಿನ ಮೇಲೆ ನಿಂತುಹೋದರೆ ಇಳಿಸಲು ಜಾಗವಿಲ್ಲ, ದೊಡ್ಡ ರೇಡಿಯೇಟರ್ ಹೊಂದಿಸುವ ತನಕ ತಡೆಯಿರಿ ಎಂದು ವಿವರಿಸಿದ. ಅಕ್ಕನ ಮಗಳನ್ನು ಕೂರಿಸಿಕೊಂಡು ಹೋಗುತ್ತದೆ, ನನ್ನ ಮಗನನ್ನು ಒಯ್ಯುವುದಿಲ್ಲವೋ ಎಂದು ಸಾಹುಕಾರ ದನಿ ಏರಿಸಿದ. ಗಿರಣಿಯ ಹಮಾಲರೆಲ್ಲ ನಿಂತು ನೋಡುತ್ತಿದ್ದರು. ಜನ ಕಂಡರೆ ಮಾವನ ನಾಲಗೆ ಸುಮ್ಮನಿರುತ್ತದೆಯೇ?

“ಒಯ್ತೀನಿ ಸಾಹುಕಾರ್ರ. ಹೂವಿನ ಜೋಡಿ ನಿಮ್ಮ ಮಗಾನೂ ಸಭಾದ ಮ್ಯಾಲ ಬೀಳ್ತಾನ, ನಡೀತೈತೇನ್ರಿ?”

ಹಮಾಲರು ನಕ್ಕರು. ಆ ನಗೆಗೆ ನಾವು ತೆತ್ತದ್ದು...

ಆ ವಾರವೇ ಪೊಲೀಸರು ಬಂದರು. ಪರವಾನಗಿಯಿಲ್ಲದೆ ವಿಮಾನ ಹಾರಿಸಿದ್ದಾನೆ, ಇಂಜಿನ್ನು ಕದ್ದಿದ್ದಾನೆ ಎಂದು ದೂರು. ಗುಜರಿಯೆಂದು ಕೊಟ್ಟದ್ದು ಈಗ ಕಳವಾಯಿತು. ಮಾವನನ್ನೂ ವಿಮಾನವನ್ನೂ ಠಾಣೆಗೆ ಒಯ್ದರು. ಅವ್ವನೂ ನಾನೂ ಓಡಿಹೋದಾಗ ಅಂಗಳದಲ್ಲಿ ಒಬ್ಬ ಕೊಡಲಿ ಹಿಡಿದು ರೆಕ್ಕೆ ಕಡಿಯುತ್ತಿದ್ದ. ಬಾಗಿಲಲ್ಲಿ ಹಿಡಿಸಲಿಲ್ಲವಂತೆ. ಬಿಗಿದ ಬಟ್ಟೆ ಏಟಿಗೊಮ್ಮೆ ಢಣ್ ಢಣ್ ಅನ್ನುತ್ತಿತ್ತು.

ಒಳಗೆ ಇನ್ಸ್‌ಪೆಕ್ಟರು ಎರಡು ದಾರಿ ಹೇಳಿದ. ಹಾರಿದ್ದು ನಿಜವಾದರೆ ಕೇಸು. ಕೂತಿದ್ದ ಹುಡುಗಿಯನ್ನೂ ಕೋರ್ಟಿಗೆ ಕರೆಸಬೇಕಾಗುತ್ತದೆ. ಅದು ಆಟದ ಸಾಮಾನು, ಹಾರಲೇ ಇಲ್ಲ ಅಂದರೆ ಇಂಜಿನ್ನು ಸಾಹುಕಾರನಿಗೆ ಹೋಗುತ್ತದೆ, ಉಳಿದದ್ದು ಇಲ್ಲಿಗೇ ಮುಗಿಯುತ್ತದೆ. ಹೊಲದ ಗೆಳೆಯ ಆಗಲೇ ತಾನೇನೂ ನೋಡಿಲ್ಲವೆಂದು ಹೇಳಿ ಹೋಗಿದ್ದ.

“ಹಾರಿಲ್ರಿ ಸಾಹೇಬ್ರ,” ಅಂದ ಮಾವ. “ಅದು ವಿಮಾನ ಅಲ್ಲ. ಫ್ಯಾನು ಕಟ್ಟಿದ ಬಂಡಿ.”

ನಾನು ಬಾಗಿಲು ದಾಟಿ ಒಳಗೆ ನುಗ್ಗಿದೆ. ಹಾರೈತಿ, ನಾ ಅದರಾಗ ಕುಂತಿದ್ದೆ ಅಂದೆ. ಅವ್ವ ರಟ್ಟೆ ಹಿಡಿದು ಎಳೆದಳು. ಇನ್ಸ್‌ಪೆಕ್ಟರು ಮಾವನ ಮುಖ ನೋಡಿದ. ಮಾವ ನನ್ನ ಕಡೆ ತಿರುಗಲೇ ಇಲ್ಲ.

“ಸಣ್ಣಾಕಿ ಅದಾಳ್ರಿ. ಕನಸು ಕಂಡಿರ್ತಾಳ.”

ನನಗೆ ಇಪ್ಪತ್ತು ದಾಟಿತ್ತು.

ಮನೆಗೆ ಬಂದ ಮೇಲೆ ಅವನು ಗೋಡೆ ನೋಡುತ್ತ, ನಿನ್ನ ಲಗ್ನ ಆಗಬೇಕಲ್ಲವಾ, ಕೋರ್ಟು ಹತ್ತಿದಾಕಿಯನ್ನು ಯಾರು ಕೇಳಾಕ ಬರ್ತಾರ ಅಂದ. “ನನ್ನ ಕೇಳಿದೇನು ನೀ?” ಅಂದೆ. ಸಾಹುಕಾರನನ್ನು ನಾನು ಕ್ಷಮಿಸಿಲ್ಲ, ಆ ಕೊಡಲಿಯನ್ನೂ ಇಲ್ಲ. ಆದರೆ ನನ್ನ ಸಿಟ್ಟು ಹೆಚ್ಚು ಉರಿದದ್ದು ಮಾವನ ಮೇಲೆ. ನನ್ನನ್ನು ಉಳಿಸುತ್ತೇನೆಂದು ನನ್ನದೊಂದೇ ಆಕಾಶವನ್ನು ಕನಸು ಅಂದುಬಿಟ್ಟ. ಜಂಬದವನು ಒಮ್ಮೆ, ಒಂದೇ ಒಮ್ಮೆ, ಜಂಬ ಕೊಚ್ಚಬೇಕಾದ ಕಡೆ ಬಾಯಿ ಮುಚ್ಚಿಕೊಂಡ.

ಮರುವರ್ಷ ನನ್ನನ್ನು ಸಿರುಗುಪ್ಪದ ಹತ್ತಿರದ ಕರೂರಿಗೆ ಕೊಟ್ಟರು. ಮಾವ ಪಂಪ್‌ಸೆಟ್ಟಿಗೆ ಮರಳಿದ. ವಿಮಾನದ ಹುಚ್ಚ ಎಂದು ಊರು ನಗುತ್ತಿತ್ತು. ಅವನು ತಿರುಗಿ ಬೈಯುವುದನ್ನೂ ಬಿಟ್ಟ. ತವರಿಗೆ ಹೋದಾಗಲೆಲ್ಲ ಈ ಸಲ ಕೇಳಿಯೇ ಬಿಡುತ್ತೇನೆ, ನನ್ನೆದುರಿಗಾದರೂ ನಿಜ ಹೇಳಿಸುತ್ತೇನೆ ಅಂದುಕೊಳ್ಳುತ್ತಿದ್ದೆ. ಸಿಟ್ಟಿಗೆ ಅವನ ಜೊತೆ ಮಾತೇ ಹೊರಡುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ನಾನು ಹೋಗಿ ಗಂಜಿ ಕುಡಿಸುವಷ್ಟರಲ್ಲಿ ಬಾಯಿ ಸೊಟ್ಟಗಾಗಿ ಮಾತು ನಿಂತಿತ್ತು. ಕೇಳಿ ಏನು ಮಾಡಲಿ... ಸುಮ್ಮನೆ ಗಲ್ಲ ಒರೆಸಿ ಬಂದೆ.

ಈಚೆಗೆ ಬಳ್ಳಾರಿಯಲ್ಲಿ ಬಂಧುಗಳ ಮದುವೆಯೊಂದಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಯಾರೋ ಮಾವನ ಹಾರದ ವಿಮಾನದ ಕತೆ ತೆಗೆದು ನಗಿಸುತ್ತಿದ್ದರು. ನಾನು ಎಲೆಯ ಮುಂದಿನಿಂದ ಎದ್ದೆ. ಹಾರಿತ್ತು, ನಾನು ಕೂತಿದ್ದೆ ಅಂದೆ. ಮುದುಕಿಯ ಮಾತಿಗೆ ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿದರು. ಒಬ್ಬರೂ ನಂಬಲಿಲ್ಲ. ಹೌದು ಅನ್ನಬಹುದಾಗಿದ್ದವನು ಒಬ್ಬನೇ ಇದ್ದ. ಅವನು ಬದುಕಿದ್ದಾಗಲೇ ಇಲ್ಲವೆಂದು ಹೇಳಿ ಹೋಗಿದ್ದಾನೆ.