ಅಣ್ಣನ ಪಾಳಿ

ಮೊನ್ನೆ ಮೊಮ್ಮಗಳು ಕಾಲೇಜಿನಿಂದ ನೇರವಾಗಿ ನರಗುಂದದ ನನ್ನ ಸೀರೆ ಅಂಗಡಿಗೆ ಬಂದು, ಗಣಿತದ ನೋಟುಬುಕ್ಕನ್ನು ಗಾದಿಯ ಮೇಲೆ ಎಸೆದಳು. ಎಕ್ಸ್ ವರ್ಗವನ್ನು ಸೈನ್ ಎಕ್ಸ್‌ನಿಂದ ಗುಣಿಸಿ ಅವಕಲನ ಮಾಡುವ ಲೆಕ್ಕ. ಅರ್ಧಕ್ಕೇ ನಿಂತಿದೆ, ಮೇಲೊಂದು ಕೆಂಪು ಗೀಟು.

“ಪ್ರಾಡಕ್ಟ್ ರೂಲ್ ಅಲ್ಲೇನವಾ? ಉಳಿದರ್ಧ ಎಲ್ಲೈತಿ?” ಎಂದೆ. ಅಜ್ಜನಿಗೆ ಸೀರೆಯ ದರ ಬಿಟ್ಟು ಬೇರೆ ಲೆಕ್ಕವೂ ಬರುತ್ತದೆಂದು ಅವಳು ಕಣ್ಣರಳಿಸಿದಳು.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಗ್ಗ. ಅಣ್ಣನನ್ನೂ ನನ್ನನ್ನೂ ಒಂದೇ ಸಲ ಶಾಲೆಗೆ ಹಾಕಿದ್ದರು. ಇಬ್ಬರೂ ಹತ್ತನೆಯದು ಪಾಸಾದ ವರ್ಷವೇ ಅಪ್ಪನ ಕಣ್ಣು ಮಂದವಾಯಿತು. “ನೀ ಮೊದಲ ಕಾಲೇಜು ಮುಗಿಸ್ಕೋ, ನಾ ಮಗ್ಗಕ್ಕ ಕುಂದರತೀನಿ. ಆಮ್ಯಾಲ ನನ್ನ ಪಾಳಿ” ಎಂದ ಅಣ್ಣ. ಚೌಕಾಸಿಯಲ್ಲಿ ನಾನು ಆಗಲೇ ಪಕ್ಕಾ. ಮೊದಲ ಪಾಳಿ ಯಾವತ್ತೂ ಲಾಭದ್ದೆಂದು ತಕ್ಷಣ ಒಪ್ಪಿಕೊಂಡೆ.

ಸಂಜೆ ರೋಣದ ಕಾಲೇಜಿನಿಂದ ಬಸ್ಸಿಳಿದು ಬಂದ ನಾನು ಮಗ್ಗದ ಪಕ್ಕ ಕುಳಿತು ಅವತ್ತಿನ ಪಾಠ ಗಟ್ಟಿಯಾಗಿ ಓದಬೇಕು. ಅದು ಅಣ್ಣನ ಕರಾರು. ಒಂದು ದಿನ ಇಂಥದೇ ಲೆಕ್ಕದಲ್ಲಿ ನಾನು ಗುಣಿಸುವ ಎರಡು ಪದಗಳನ್ನೂ ಒಮ್ಮೆಗೇ ಅವಕಲನದಿಂದ ಬದಲಿಸಿ ಗುಣಿಸಿಬಿಟ್ಟಿದ್ದೆ. ಅಣ್ಣ ಲಾಳಿ ನಿಲ್ಲಿಸಿ ನಕ್ಕ.

“ಲೇ ಶಾಣ್ಯಾ, ಇಬ್ಬರೂ ಕೂಡೇ ಕಾಲೇಜಿಗೆ ಹ್ವಾದರ ಮಗ್ಗಕ್ಕ ಯಾರು ಕುಂದರಬೇಕು? ಒಬ್ಬಾಂವ ಬದಲಾಗಲಿ, ಇನ್ನೊಬ್ಬಾಂವ ಇದ್ದಂಗ ಇರಲಿ. ಆಮ್ಯಾಲ ಅದಲು ಬದಲು. ಎರಡೂ ಕೂಡಿಸು, ಅಷ್ಟ!”

ಕಾಲೇಜಿನಲ್ಲಿ ಮೂರು ದಿನ ಹೇಳಿದರೂ ಹತ್ತದಿದ್ದದ್ದು ಆಗ ತಲೆಗೆ ಹತ್ತಿತು.

ಕಾಲೇಜಿನ ಎರಡು ವರ್ಷ ಮುಗಿಯುವಷ್ಟರಲ್ಲಿ, ಅಣ್ಣ ನೇಯ್ದ ಸೀರೆಗಳನ್ನು ಊರೂರಿಗೆ ಹೊತ್ತು ಮಾರಿ ನನಗೆ ವ್ಯಾಪಾರದ ರುಚಿ ಹತ್ತಿತ್ತು.

“ತಮ್ಮಾ, ನನ್ನ ಪಾಳಿ?”

“ಲಗ್ನದ ಸೀಜನ್ ಒಂದು ಮುಗೀಲಿ ಅಣ್ಣಾ.”

ಮರುವರ್ಷವೂ ಅದನ್ನೇ ಹೇಳಿದೆ. ಮೂರನೇ ಸಲ, “ನಿನಗ ಕಾಲೇಜ್ಯಾಕ? ಕುಂತಲ್ಲೇ ಎಲ್ಲಾ ತಿಳೀತೈತಿ” ಎಂದು, ಗಿರಾಕಿಯನ್ನು ಹೊಗಳುವಂತೆ ಹೊಗಳಿದೆ. ಅವನು ನಕ್ಕು, ಲಾಳಿ ಎಸೆದು ನೇಯತೊಡಗಿದ. ಮತ್ತೆ ಕೇಳಲಿಲ್ಲ. ನಿಮಗೂ ಒಂದು ಮಾತು ಹೇಳುತ್ತೇನೆ: ಎದುರಿನವನು ಕೇಳುವುದನ್ನೇ ಬಿಟ್ಟರೆ ವ್ಯವಹಾರ ಕುದುರಿತೆಂದು ತಿಳಿಯಬೇಡಿ. ನಾನು ಹಾಗೆ ತಿಳಿದೆ. ಹೋದ ವರ್ಷ ಅಣ್ಣ ತೀರಿಕೊಂಡ, ಆ ಮಗ್ಗದ ಪಕ್ಕದ ಕೋಣೆಯಲ್ಲೇ.

“ಅಜ್ಜಾ, ಇದನ್ನ ನಿನಗ ಯಾರು ಕಲಿಸಿದ್ರು?” ಮೊಮ್ಮಗಳು ಕೇಳಿದಳು.

“ನಿಮ್ಮ ದೊಡ್ಡಜ್ಜ.”

“ಅವ್ರು ಕಾಲೇಜಿಗೇ ಹೋಗಿಲ್ಲಲ್ಲಾ! ಯಾಕ ಹೋಗಲಿಲ್ಲ?”

ಕೇಳಿದವರಿಗೆಲ್ಲ ಇಷ್ಟು ವರ್ಷ, ಅವನಿಗೆ ಓದಿನ ಮೇಲೆ ಮನಸ್ಸಿರಲಿಲ್ಲ ಎನ್ನುತ್ತಿದ್ದೆ.

“ನಾನ ಬಿಡಲಿಲ್ಲ, ಯವ್ವಾ” ಎಂದೆ.

ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಮೆಟ್ಟಿಲೇರಿ ಬಂದರು. ‘ಸ್ವಲ್ಪ ತಡೀರಿ’ ಎಂದು ನಾನು ಅವಳ ನೋಟುಬುಕ್ಕನ್ನು ಹತ್ತಿರ ಎಳೆದುಕೊಂಡೆ.