ಹಪ್ಪಳ ಎಲ್ಲಿ?

ವಿಳಿಂಜಂ ಬಂದರಿನಲ್ಲಿ ಬಂಗುಡೆಗೆ ಚೌಕಾಸಿ ಮಾಡಿ ತಿರುಗಿದರೆ, ಪಕ್ಕದಲ್ಲಿದ್ದ ಐದು ವರ್ಷದ ಮಗಳು ಇಲ್ಲ. ಎದುರಿಗೆ ಮೀನು ಹರಾಜಿನ ಗದ್ದಲ, ಅದರಾಚೆ ನೀರು. ಹೆಸರು ಹಿಡಿದು ಕರೆದೆ, ಉತ್ತರವಿಲ್ಲ. ಕೊನೆಗೆ, ಪಟ್ಟಂನ ನಮ್ಮ ಫ್ಲ್ಯಾಟಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಕೂಗುವ ಮಾತನ್ನೇ ಗಂಟಲು ಹರಿಯುವಂತೆ ಕೂಗಿದೆ: "ಹಪ್ಪಳ ಎಲ್ಲಿ?"

ನಾನು ಚಿಕ್ಕವನಿದ್ದಾಗ ರೇಡಿಯೊದಲ್ಲಿ ಬರುತ್ತಿದ್ದ ಹಪ್ಪಳದ ಜಾಹೀರಾತಿನ ಸಾಲು ಅದು. ಇಲ್ಲೇ ಬೆಳೆದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದೆಲ್ಲ ಮಲಯಾಳಂ. ಬಾಯಿಬಿಟ್ಟು ಹೇಳುವ ಕನ್ನಡವೆಂದರೆ ಆ ಸಾಲಿಗೆ ಉತ್ತರ ಮಾತ್ರ.

"ಎಲೆಯ ತುದಿಯಲ್ಲಿ!"

ಉತ್ತರ ಬಂತು. ಆದರೆ ದನಿ ಮಗಳದಲ್ಲ. ಐಸ್ ಪೆಟ್ಟಿಗೆಗಳ ಹಿಂದೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಅತ್ತು ಅತ್ತು ಮಾತೇ ಹೊರಡದ ಮಗಳು ಅವರ ಸೆರಗು ಹಿಡಿದಿದ್ದಳು.

"ಎಂತ ಮಾರಾಯ್ರೆ, ನೀರಿನ ಹತ್ರ ಮಗುವಿನ ಕೈ ಬಿಡುದಾ?" ಎಂದು ಗದರಿದರು. ಮಂಗಳೂರಿನವರು. ನೀವೂ ಆ ಜಾಹೀರಾತು ಕೇಳಿದ್ದಿರಾ ಎಂದೆ.

"ಜಾಹೀರಾತು ಆಮೇಲೆ ಬಂದದ್ದು. ನಮ್ಮಲ್ಲಿ ಊಟಕ್ಕೆ ಕೂತವರು ಹಾಗೆ ಕೇಳುದು, ಬಡಿಸುವವರು ಹೀಗೆ ಹೇಳುದು. ಕಂಪನಿಯವರು ಅದನ್ನೇ ತಕ್ಕೊಂಡದ್ದು."

ಆ ಕಂಪನಿ ಈಗ ಇಲ್ಲ. ನಾನು ಮಾತ್ರ, ಮಗಳು ಬಚ್ಚಲಿನಲ್ಲಿ ತುಸು ತಡಮಾಡಿದರೂ "ಹಪ್ಪಳ ಎಲ್ಲಿ?" ಎನ್ನುತ್ತೇನೆ. ಒಳಗಿನಿಂದ ಉತ್ತರ ಬರುವ ತನಕ ಬಾಗಿಲು ಬಿಟ್ಟು ಕದಲುವುದಿಲ್ಲ.