ವ್ಯಾಪ್ತಿ ಪ್ರದೇಶದ ಹೊರಗೆ

ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇರಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗಲೆಲ್ಲ ನಾನು ಕಾಫಿ ಲೋಟ ಎತ್ತಿಕೊಂಡು ಬಾಲ್ಕನಿಗೆ ಹೋಗಿಬಿಡುತ್ತೇನೆ. ಅಭಿಪ್ರಾಯ ಇಲ್ಲವೆಂದಲ್ಲ, ಎರಡಿವೆ. ಎರಡೂ ಒಂದೇ ಸಂಜೆ ಹುಟ್ಟಿದವು. ಅವಳಿ ಮಕ್ಕಳ ಹಾಗೆ, ಒಂದನ್ನು ಎತ್ತಿಕೊಂಡರೆ ಇನ್ನೊಂದು ಅಳುತ್ತದೆ.

ನಾವಾಗ ಬೆಂಗಳೂರಿನ ಜೀವನ್ ಬಿಮಾ ನಗರದ ಕಾಲೋನಿಯಲ್ಲಿದ್ದೆವು. ಮೊಬೈಲ್ ಆಗಷ್ಟೇ ಬಂದಿದ್ದ ಕಾಲ. ಕಾಡಿನ ಮಾತು ಬಿಡಿ, ನಮ್ಮಲ್ಲೇ ಸಿಗ್ನಲ್ ಬೇಕಾದರೆ ತಾರಸಿಗೆ ಹೋಗಿ ನೀರಿನ ಟ್ಯಾಂಕ್ ಪಕ್ಕ ನಿಲ್ಲಬೇಕಿತ್ತು, ಇಲ್ಲವೇ ಕೆಳಗೆ ಗೇಟಿನವರೆಗೆ ಹೋಗಬೇಕಿತ್ತು. ಅಲ್ಲಿ ಮಾತು ಶುರುವಾಯಿತೆನ್ನುವಾಗ ಪಕ್ಕದ ವಿಮಾನ ನಿಲ್ದಾಣಕ್ಕೆ ವಿಮಾನವೊಂದು ತಲೆ ಸವರಿಕೊಂಡು ಇಳಿಯುತ್ತಿತ್ತು. ಅದು ಹೋಗುವವರೆಗೆ ಎರಡೂ ಕಡೆಯವರು ಶ್ರದ್ಧಾಂಜಲಿ ಸಭೆಯಲ್ಲಿದ್ದಂತೆ ಮೌನವಾಗಿರಬೇಕು.

ಕಾಲೋನಿಗೆ ಮೊದಲ ಮೊಬೈಲ್ ತಂದವರು ನಮ್ಮ ಮೇಲಿನ ಮನೆಯ ದೇಶಪಾಂಡೆ. ಧಾರವಾಡದವರು, ನಾನಿದ್ದ ವಿಮಾ ಕಚೇರಿಯಲ್ಲೇ ಕೆಲಸ. ಫೋನನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡು, ಆಗಾಗ ಅದರ ಮೇಲೆ ಕೈಯಾಡಿಸುತ್ತ ಓಡಾಡುತ್ತಿದ್ದರು. ಆದರೆ ಅವರಿಗೆ ಫೋನ್ ಮಾಡಲು ಜನವೇ ಇರಲಿಲ್ಲ. ಹಾಗಾಗಿ ಆಫೀಸಿನಿಂದ ಬರುವಾಗ ಗೇಟಿನ ಹತ್ತಿರ ನಿಂತು ಮನೆಗೇ ಮಾಡುತ್ತಿದ್ದರು. "ಅವ್ವಾ, ನಾ ಗೇಟಿಗೆ ಬಂದೀನಿ." ಅವರ ತಾಯಿ ಅಂಬಕ್ಕ ಒಳಗೆ ಲ್ಯಾಂಡ್‌ಲೈನ್ ಎತ್ತಿಕೊಂಡು ಕಿಟಕಿಯಿಂದ ನೋಡುತ್ತ, "ಕಾಣಸ್ಲಿಕ್ಕತ್ತೀಯಲ್ಲೋ, ಬಾ ಮ್ಯಾಲೆ" ಎಂದು ಇಟ್ಟುಬಿಡುತ್ತಿದ್ದರು.

ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ನಿಜವಾದ ಕಾರಣ ಸೋಮಾರಿತನ. ಹೊರಗೆ ಹೇಳಿಕೊಳ್ಳುತ್ತಿದ್ದುದು ತತ್ವ.

ಕಾಡಿಗೆ ಹೋಗೋಣವೆಂದು ಹೊರಡಿಸಿದವಳು ನನ್ನ ಹೆಂಡತಿ ಸುಮಿತ್ರಾ. ನಾವಿಬ್ಬರು, ದೇಶಪಾಂಡೆ, ಅವರ ಹೆಂಡತಿ ವಿಜಯಾ. ಅಂಬಕ್ಕನನ್ನೂ ಕರೆದೆವು. "ಹುಲಿ ನೋಡ್ಲಿಕ್ಕೆ ನಾ ಯಾಕ ಅಲ್ಲೀತನಕ ಬರ್ಲಿ? ಅದಕ್ಕ ನನ್ನ ನೋಡೋದಿದ್ರ ಅದ ಬರ್ಲಿ" ಎಂದು ಅವರು ಉಳಿದುಕೊಂಡರು. ದೇಶಪಾಂಡೆ ಅರಣ್ಯ ಇಲಾಖೆಯ ಕಚೇರಿಯ ನಂಬರನ್ನು ಮನೆಯ ಫೋನಿನ ಪಕ್ಕದ ಗೋಡೆಗೆ ಅಂಟಿಸಿದ ಮೇಲೆಯೇ ಕಾರು ಹತ್ತಿದ್ದು.

ಮೈಸೂರು ದಾಟಿ ಬಹಳ ಹೊತ್ತಾದ ಮೇಲೆ 'ರಾಷ್ಟ್ರೀಯ ಉದ್ಯಾನ' ಎಂಬ ಬೋರ್ಡು ಬಂತು. ಉದ್ಯಾನ ಎಂದರೆ ಬೆಂಗಳೂರಿನವರಾದ ನಮಗೆ ಸಿಮೆಂಟಿನ ಬೆಂಚು, ಕಡಲೆಕಾಯಿ ಸಿಪ್ಪೆ, 'ಹೂ ಕೀಳಬಾರದು' ಎಂಬ ಫಲಕ. ಇಲ್ಲಿ ಹೂ ಕೀಳುವುದಿರಲಿ, ಮರವನ್ನೇ ಕಿತ್ತು ದಾರಿಗಡ್ಡ ಹಾಕಿದ್ದರು. ಯಾರೆಂದು ಕೇಳಿದರೆ ಡ್ರೈವರ್ ಆನೆಯ ಲದ್ದಿ ತೋರಿಸಿದ.

ಅಲ್ಲಿಗೆ ದೇಶಪಾಂಡೆಯವರ ಫೋನಿನ ಸಿಗ್ನಲ್ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಇನ್ನು ಯಾರೇ ಫೋನ್ ಮಾಡಿದರೂ 'ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂಬ ಹೆಣ್ಣುದನಿ ಕೇಳಬೇಕು. ವ್ಯಾಪ್ತಿ ಎನ್ನುವುದು ತರ್ಕಶಾಸ್ತ್ರದ ಹಳೆಯ ಮಾತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಈ ಬಿಡದ ನಂಟೇ ವ್ಯಾಪ್ತಿ. ಅದೇ ಲೆಕ್ಕದಲ್ಲಿ, ಎಲ್ಲೆಲ್ಲಿ ದೇಶಪಾಂಡೆಯೋ ಅಲ್ಲಲ್ಲಿ ಸಿಗ್ನಲ್. ಸಿಗ್ನಲ್ ಇಲ್ಲವಾದ್ದರಿಂದ ದೇಶಪಾಂಡೆಯೂ ಇಲ್ಲ. ನಿಜಕ್ಕೂ ಹಾಗೇ ಆಯಿತು. ರಾತ್ರಿ ಅರಣ್ಯ ಇಲಾಖೆಯ ಬಂಗಲೆಯ ಊಟದಲ್ಲಿ ಸಾರು ಬಡಿಸಿದರೂ ಮಜ್ಜಿಗೆ ಬಡಿಸಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಜಿಂಕೆಯ ಹಿಂಡು ಬಂದರೆ ಎಲ್ಲರೂ ಅದನ್ನು ನೋಡುತ್ತಿದ್ದರು, ಅವರು ಫೋನನ್ನು ನೋಡುತ್ತಿದ್ದರು. ಒಂದೆರಡು ಜಿಂಕೆಗಳು ಅವರನ್ನು ನೋಡುತ್ತಿದ್ದವು.

ಮರುದಿನ ಊಟ ಬಡಿಸುತ್ತಿದ್ದ ಅಡುಗೆಯವನು ಮಾತಿಗೆ ಮಾತು ಬಂದು, ಕೆರೆಯ ತಿರುವಿನಲ್ಲಿ ಪ್ರಾಣಿ ನೋಡಲೆಂದು ಕಟ್ಟಿರುವ ಹಳೆಯ ಅಟ್ಟಣೆಯ ಮೇಲೆ ಗಾಳಿ ಬೀಸಿದಾಗ ಸಿಗ್ನಲ್ ಸಿಗುವುದುಂಟು ಎಂದುಬಿಟ್ಟ. ಪಕ್ಕದಲ್ಲಿದ್ದ ಬಂಗಲೆಯ ಗಾರ್ಡು ಕೂಡಲೇ, "ಯಾರೂ ನಡ್ಕೊಂಡ್ ಹೋಗ್ಬಾರ್ದು" ಎಂದ. ದೇಶಪಾಂಡೆ ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡರು.

ಸಂಜೆ ಅವರು ಕೋಣೆಯಲ್ಲಿ ಮಲಗಿದ್ದಾರೆಂದೇ ನಾವೆಲ್ಲ ತಿಳಿದಿದ್ದೆವು. ಬಂಗಲೆಯ ಜಗುಲಿಯಲ್ಲಿ ಚಹಾ ಕುಡಿಯುತ್ತ ನಾನು ಹೆಂಗಸರಿಬ್ಬರಿಗೂ ಉಪದೇಶ ಮಾಡುತ್ತಿದ್ದೆ. ವಾನಪ್ರಸ್ಥ ಎಂದರೇನು, ಬುದ್ಧಿಪೂರ್ವಕವಾಗಿ ವ್ಯಾಪ್ತಿ ಪ್ರದೇಶದ ಹೊರಗೆ ಹೋಗುವುದು. ಇಲ್ಲೊಂದು ಟವರ್ ನೆಟ್ಟರೆ ಕಾಡು ಸತ್ತ ಹಾಗೆ. ಮಾತು ಇಷ್ಟರವರೆಗೆ ಬಂದಿತ್ತು, ಗಾರ್ಡಿನ ಕೋಣೆಯಲ್ಲಿ ವೈರ್‌ಲೆಸ್ ಗೊರಗೊರ ಅಂದಿತು. ಅವನು ಹೊರಗೆ ಬಂದ.

"ಸಾರ್, ನಿಮ್ಮೋರು ದೇಶಪಾಂಡೆ ಅನ್ನೋರು ಅಟ್ಟಣೆ ಮೇಲವ್ರಂತೆ. ಕೆಳಗೆ ಆನೆ ನಿಂತದಂತೆ."

"ಯಾರು ಹೇಳಿದ್ದು?"

"ಬೆಂಗಳೂರಿಂದ, ಅವ್ರ ತಾಯಿ."

ಮೊದಲು ಬಾಯಿಬಿಟ್ಟವರು ವಿಜಯಾ. "ಅಂದ್ರ, ಸಿಗ್ನಲ್ ಸಿಕ್ತೇನು ಇವರಿಗೆ?" ಅಷ್ಟು ಹೇಳಿ ಲೋಟ ಕೆಳಗಿಡಲು ಹೋದರು. ಇಡದೆ, ಅದನ್ನು ಹಿಡಿದುಕೊಂಡೇ ಮೆಟ್ಟಿಲಿಳಿಯಲು ಹೊರಟರು. ಸುಮಿತ್ರಾ ಅವರ ಭುಜ ಹಿಡಿದು ಕೂರಿಸಿದಳು.

ಆಗಿದ್ದಿಷ್ಟು. ದೇಶಪಾಂಡೆ ಅಟ್ಟಣೆ ಹತ್ತಿದ್ದರು, ಗೆರೆಯೊಂದು ಮೂಡಿತ್ತು. ಅಷ್ಟರಲ್ಲಿ ಕೆರೆಯಿಂದ ಒಂಟಿ ಸಲಗವೊಂದು ಬಂದು, ಅಟ್ಟಣೆಯ ಕಂಬಕ್ಕೆ ಬೆನ್ನು ಉಜ್ಜತೊಡಗಿತು. ಗಾಬರಿಯಲ್ಲಿ ಅವರ ಬೆರಳು ಅಭ್ಯಾಸಬಲದಿಂದ ಮನೆಯ ನಂಬರನ್ನೇ ಒತ್ತಿತು. ಅಂಬಕ್ಕ ಗೋಡೆಯ ಮೇಲಿದ್ದ ನಂಬರು ನೋಡಿ ಕಾಡಿನ ಹತ್ತಿರದ ಊರಿನ ಅರಣ್ಯ ಕಚೇರಿಗೆ ಫೋನ್ ಮಾಡಿದರು. ಅಲ್ಲಿಂದ ವೈರ್‌ಲೆಸ್ಸಿನಲ್ಲಿ ನಮಗೆ. ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಮನುಷ್ಯನ ಸುದ್ದಿ ಜೀವನ್ ಬಿಮಾ ನಗರಕ್ಕೆ ಹೋಗಿ ವಾಪಸು ಬಂದಿತ್ತು.

ಗಾರ್ಡಿನ ಜೊತೆ ನಾನೂ ಜೀಪು ಹತ್ತಿದೆ. ತಿರುವಿನಲ್ಲಿ ಅವನು ಇಂಜಿನ್ ಆರಿಸಿದ. ಆನೆ ಆರಾಮವಾಗಿ ಮೈ ಉಜ್ಜಿಕೊಳ್ಳುತ್ತಿತ್ತು. ಒಂದೊಂದು ಉಜ್ಜಿಗೂ ಅಟ್ಟಣೆ ಓಲಾಡುತ್ತಿತ್ತು. ಮೇಲೆ ದೇಶಪಾಂಡೆ ಎರಡೂ ಕೈಯಲ್ಲಿ ಹಲಗೆ ತಬ್ಬಿಕೊಂಡು ಕೂತಿದ್ದರು. ಅವರ ಬಾಯಿ ಮುಚ್ಚಿದ್ದನ್ನು ಅಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ಒಂದು ಕಂಬ ಲಟಕ್ಕೆಂದಿತು. ನನ್ನ ಉಪದೇಶವೆಲ್ಲ ಜಗುಲಿಯಲ್ಲೇ ಉಳಿದಿತ್ತು. ಈ ಮನುಷ್ಯನಿಗೆ ಏನಾದರೂ ಆದರೆ ಅಂಬಕ್ಕನಿಗೆ ಏನು ಹೇಳುವುದೆಂಬ ಒಂದೇ ಯೋಚನೆ. ಕತ್ತಲಾಗುವ ಹೊತ್ತಿಗೆ ಆನೆಗೆ ತುರಿಕೆ ತೀರಿತೆಂದು ಕಾಣುತ್ತದೆ, ನಮ್ಮ ಕಡೆ ತಿರುಗಿಯೂ ನೋಡದೆ ಬಿದಿರಿನೊಳಗೆ ಹೋಯಿತು.

ಕೆಳಗಿಳಿದ ದೇಶಪಾಂಡೆ ಮೊದಲು ಕೇಳಿದ್ದು, "ಅವ್ವಗ ಹೇಳ್ಬೇಕಲ್ಲ?" ಫೋನ್ ತೆಗೆದರು. ಕೆಳಗೆ ಸಿಗ್ನಲ್ ಇಲ್ಲ. ಕ್ಷೇಮವಾಗಿ ಇಳಿದೆ ಎಂದು ತಿಳಿಸಬೇಕಾದರೆ ಮತ್ತೆ ಮೇಲೆ ಹತ್ತಬೇಕು. ಅವರು ತಲೆಯೆತ್ತಿ ಅಟ್ಟಣೆಯನ್ನು ನೋಡಿದರು. ಗಾರ್ಡು ಅವರ ತೋಳು ಹಿಡಿದು ಜೀಪಿಗೆ ಹತ್ತಿಸಿದ. ಸುದ್ದಿ ಮತ್ತೆ ವೈರ್‌ಲೆಸ್ ದಾರಿಯಲ್ಲೇ ಹೋಯಿತು.

"ಅವ್ವ ಏನಂದ್ರು ಫೋನಲ್ಲಿ?" ಎಂದು ನಾನು ದಾರಿಯಲ್ಲಿ ಕೇಳಿದೆ.

"ಮಾತಾಡಬ್ಯಾಡ, ಆನಿ ಕಿವಿ ದೊಡ್ಡವು ಇರ್ತಾವ ಅಂದ್ಲು. ನಾ ತಿರುಗಿ ಮಾಡಂಗಿಲ್ಲ, ಗಂಟಿ ಹೊಡದ್ರ ಅದಕ್ಕ ಸಿಟ್ಟು ಬಂದೀತು ಅಂದು ಇಟ್ಟಳು."

ಮಗನ ಗತಿ ಏನಾಯಿತೆಂದು ತಿಳಿಯದೆ, ಕೈಯಳತೆಯಲ್ಲಿ ಫೋನಿದ್ದೂ ಮುಟ್ಟದೆ ಆಕೆ ಕೂತಿದ್ದರು. ವಾನಪ್ರಸ್ಥದ ಬಗ್ಗೆ ಜಗುಲಿಯಲ್ಲಿ ನಾನು ಆಡಿದ ಮಾತುಗಳನ್ನು ನೆನೆದು ನನಗೆ ನಾಚಿಕೆಯಾಯಿತು.

ಈಗ ನೀವೇ ಹೇಳಿ. ಸಿಗ್ನಲ್ ಇದ್ದುದರಿಂದ ದೇಶಪಾಂಡೆ ಬದುಕಿದರೋ, ಸಿಕ್ಕಿಹಾಕಿಕೊಂಡರೋ? ಬಂಗಲೆಯಲ್ಲೇ ಸಿಗ್ನಲ್ ಇದ್ದಿದ್ದರೆ ಅಟ್ಟಣೆ ಹತ್ತುತ್ತಲೇ ಇರಲಿಲ್ಲ. ಎಲ್ಲೂ ಇಲ್ಲದಿದ್ದರೂ ಹತ್ತುತ್ತಿರಲಿಲ್ಲ. ಅಪಾಯವಿದ್ದುದು ಆ ಒಂದು ಗೆರೆಯಲ್ಲಿ.

ಕೆಲವು ವರ್ಷ ಬಿಟ್ಟು ಅದೇ ಕಾಡಿಗೆ ಮತ್ತೆ ಹೋದೆವು. ಅಷ್ಟರಲ್ಲಿ ಅಟ್ಟಣೆ ಕಾಂಕ್ರೀಟಿನದಾಗಿತ್ತು, ನನ್ನ ತತ್ವ ಕರಗಿ ಜೇಬಿನಲ್ಲಿ ಮೊಬೈಲ್ ಬಂದಿತ್ತು. ಜೀಪಿನಲ್ಲೇ ಹೋಗಿ ಹತ್ತಿ ಕೂತೆವು. ದೇಶಪಾಂಡೆ ಕೆರೆ ನೋಡುತ್ತಿದ್ದರು. ನಾನು ಮೆಲ್ಲಗೆ ಫೋನ್ ತೆಗೆದೆ. ನಾಲ್ಕು ಗೆರೆ ಇದ್ದವು. ಇದ್ದ ಮೇಲೆ ಸುಮ್ಮನಿರುವುದು ಹೇಗೆ? ಅಂಬಕ್ಕನಿಗೆ ಮಾಡಿದೆ.

"ಯಾಕಪಾ, ಈ ಸಲ ಯಾರು ಸಿಕ್ಕೊಂಡಾರ?" ಎಂದರು.

"ಯಾರೂ ಇಲ್ಲ ಅಂಬಕ್ಕ. ಸುಮ್ನೆ ಮಾಡ್ದೆ."

"ಸುಮ್ಮನ ಮಾಡ್ಲಿಕ್ಕೆ ಅದೇನು ಬೆಂಗಳೂರೇನು? ಇಡಪಾ ಫೋನು" ಎಂದು ಅವರೇ ಇಟ್ಟರು.